ಹಳೆಮನೆ ದುರಸ್ತಿಯ ದಿನಚರಿ



ನಿಮ್ಮ ಊರಿನಲ್ಲಿ ಯಾರಾದರೂ ಹಳೆಯ ಮನೆಯನ್ನು ರಿಪೇರಿ ಮಾಡಿಸುತ್ತಿದ್ದಾರೆಯೇ? ಮನೆಯ ಮುಂದೆ ಮರಳಿನ ರಾಶಿ, ಇಳಿಸಿಟ್ಟ ಹೆಂಚು, ಕಿತ್ತು ಹಾಕಿದ ಮರ ಇವನ್ನೆಲ್ಲ ನೀವು ನೋಡಿರುತ್ತೀರಿ. ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಗಮನಿಸಿದರೆ ವಿಜ್ಞಾನದ ಎಷ್ಟೋ ಪಾಠಗಳು ಸಿಗುತ್ತವೆ. ನನ್ನ ಅಣ್ಣನ ಮಗಳು ಏಳನೇ ತರಗತಿಯಲ್ಲಿದ್ದಾಗ ಹೀಗೆ ಗಮನಿಸಿ ಬರೆದಿಟ್ಟ ನೋಟ್ ಪುಸ್ತಕದ ಕತೆಯನ್ನು ಈಗ ಹೇಳುತ್ತೇನೆ.

ಗೋಡೆಯಲ್ಲೊಂದು ಬಿರುಕು

ನನ್ನ ತವರುಮನೆ ಮಲೆನಾಡಿನ ಒಂದು ಹಳ್ಳಿಯಲ್ಲಿದೆ. ಮಣ್ಣಿನ ಗೋಡೆ, ಮರದ ತೊಲೆ, ಹೆಂಚಿನ ಮಾಡು. ಒಂದು ಮೇ ತಿಂಗಳಲ್ಲಿ ಅಮ್ಮ ಮಲಗುವ ಕೋಣೆಯ ಗೋಡೆಯಲ್ಲಿ ಮೂಲೆಯ ಹತ್ತಿರ ಬಿರುಕು ಕಾಣಿಸಿತು. ಅಮ್ಮನ ಮಂಚವನ್ನು ಕೂಡಲೇ ನಡುಮನೆಗೆ ಸಾಗಿಸಿದೆವು. ಮಾಡಿನ ಮರಗಳಿಗೂ ಗೆದ್ದಲು ಹಿಡಿದಿತ್ತು. ಮಳೆಗಾಲ ಕಳೆದ ಮೇಲೆ ಇಡೀ ಮನೆಯನ್ನು ರಿಪೇರಿ ಮಾಡಿಸಬೇಕೆಂದು ಅಣ್ಣ ನಿರ್ಧರಿಸಿದ.

ಮೇಸ್ತ್ರಿ ಬಂದು ನೋಡಿ, "ಈ ಗೋಡೆ ಇನ್ನು ನಿಲ್ಲುವುದಿಲ್ಲ. ಕೆಡವಿ ಸಿಮೆಂಟಿನಲ್ಲಿ ಕಟ್ಟೋಣ" ಎಂದರು. ಅದಕ್ಕೆ ಬೇಕಾದಷ್ಟು ಹಣ ಅಣ್ಣನ ಕೈಯಲ್ಲಿರಲಿಲ್ಲ. ಆ ಗೋಡೆಯನ್ನು ಅಪ್ಪ ಅಮ್ಮ ಇಬ್ಬರೂ ಮಣ್ಣು ತುಳಿದು ಕಟ್ಟಿದ್ದರು. ಆದರೂ ಅಮ್ಮ ಹೇಳಿದ್ದು ಇಷ್ಟೇ: "ಕೆಡವುವುದಾದರೆ ಕೆಡವಿ. ಆದರೆ ಯಾಕೆ ಬಿರುಕು ಬಿಟ್ಟಿತು ಅಂತ ಮೊದಲು ಹೇಳಿ."

ಒಳ್ಳೆಯ ಪ್ರಶ್ನೆ ಅಲ್ಲವೇ? ಕಾರಣ ತಿಳಿಯದೆ ಹೊಸ ಗೋಡೆ ಕಟ್ಟಿದರೆ ಅದೂ ಬಿರುಕು ಬಿಡಬಹುದು.

ಪ್ರತಿ ಭಾನುವಾರ ಒಂದು ಅಳತೆ

ಬಿರುಕಿನ ಎರಡೂ ಬದಿಯಲ್ಲಿ ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆಯುವಂತೆ ಹುಡುಗಿಗೆ ಹೇಳಿದೆ. ಮೇಲೊಂದು ಜೋಡಿ, ಕೆಳಗೊಂದು ಜೋಡಿ. ಎರಡು ಜೋಡಿಗಳಲ್ಲೂ ಗೆರೆಗಳ ನಡುವಿನ ಅಂತರ ಸರಿಯಾಗಿ 50 ಮಿಲಿಮೀಟರ್. ಬಿರುಕು ಅಗಲವಾದರೆ ಈ ಅಂತರ ಹೆಚ್ಚಬೇಕು. ಪ್ರತಿ ಭಾನುವಾರ ಅವಳು ಅಳೆದು ಬರೆದಳು. ಮೇಲಿನ ಜೋಡಿಯ ಅಳತೆ ಹೀಗಿತ್ತು:

ಜೂನ್ ಮೊದಲ ವಾರ: 50 ಮಿ.ಮೀ.
ಜುಲೈ ಕೊನೆ: 52 ಮಿ.ಮೀ.
ಆಗಸ್ಟ್ ಕೊನೆ: 53 ಮಿ.ಮೀ.
ಅಕ್ಟೋಬರ್ ಕೊನೆ: 53 ಮಿ.ಮೀ.
ಡಿಸೆಂಬರ್ ಮೊದಲ ವಾರ: 53 ಮಿ.ಮೀ.

ಕೆಳಗಿನ ಜೋಡಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಬಿರುಕು ಮಳೆಗಾಲದಲ್ಲಿ ಮಾತ್ರ ಬೆಳೆದಿದೆ. ಮಳೆ ನಿಂತ ಮೇಲೆ ಅದೂ ನಿಂತಿದೆ. ಅಗಲವಾದದ್ದು ಮೇಲ್ಭಾಗ ಮಾತ್ರ. ಗೋಡೆಯ ಒಂದು ಮೂಲೆ ಕೆಳಗೆ ಕುಸಿದಾಗ ಬಿರುಕು ಸಾಮಾನ್ಯವಾಗಿ ಹೀಗೆಯೇ ಮೇಲೆ ಬಾಯಿ ತೆರೆಯುತ್ತದೆ. ಹಾಗಾದರೆ ದೋಷ ಗೋಡೆಯಲ್ಲಿದೆಯೋ, ಗೋಡೆಯ ಬುಡದ ಮಣ್ಣಿನಲ್ಲಿದೆಯೋ?

ಮಾಡಿನಿಂದ ಎಷ್ಟು ನೀರು?

ಆ ಮೂಲೆಯಲ್ಲಿ ಎರಡು ಮಾಡುಗಳು ಕೂಡುತ್ತವೆ. ಎರಡರ ನೀರೂ ಅಲ್ಲೇ ಧುಮುಕುತ್ತದೆ. ಎಷ್ಟು ನೀರು ಎಂದು ಲೆಕ್ಕ ಹಾಕೋಣ. 1 ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಆ ಎರಡು ಮಾಡುಗಳಿಗೆ ಮಳೆ ಬೀಳುವ ಜಾಗ ಸುಮಾರು 40 ಚದರ ಮೀಟರ್. ಮಲೆನಾಡಿನಲ್ಲಿ ಜೋರು ಮಳೆಯ ಒಂದು ದಿನ 100 ಮಿ.ಮೀ. ಮಳೆಯಾಗುವುದು ಅಪರೂಪವೇನಲ್ಲ.

40 × 100 = 4000 ಲೀಟರ್!

ಒಂದೇ ದಿನ 400 ಕೊಡ ನೀರನ್ನು (ಒಂದು ಕೊಡಕ್ಕೆ 10 ಲೀಟರ್ ಎಂದುಕೊಂಡರೆ) ಗೋಡೆಯ ಬುಡಕ್ಕೆ ಸುರಿದಂತಾಯಿತು. ನೆನೆದ ಮಣ್ಣು ಮೆತ್ತಗಾಗಿ ಭಾರ ತಾಳದೆ ಮೂಲೆ ಕುಸಿಯುತ್ತಿತ್ತು. ಮೊದಲು ಅಲ್ಲಿ ನೀರನ್ನು ದೂರ ಸಾಗಿಸುವ ಚರಂಡಿ ಇತ್ತಂತೆ. ಅದು ಮುಚ್ಚಿಹೋದದ್ದನ್ನು ನಾವ್ಯಾರೂ ಗಮನಿಸಿರಲಿಲ್ಲ.

ಡಿಸೆಂಬರ್‌ನಲ್ಲಿ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ಗೋಡೆಯ ಪಕ್ಕ ತೂಗುಗುಂಡು ಇಳಿಬಿಟ್ಟರು. ದಾರಕ್ಕೆ ಕಟ್ಟಿದ ಗುಂಡನ್ನು ಭೂಮಿ ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ದಾರವು ಗೋಡೆ ನೆಟ್ಟಗಿದೆಯೇ ಎಂಬುದನ್ನು ತೋರಿಸುತ್ತದೆ. ಮೇಲೆ ದಾರಕ್ಕೂ ಗೋಡೆಗೂ ಎಷ್ಟು ಅಂತರವಿತ್ತೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಗೋಡೆ ವಾಲಿರಲಿಲ್ಲ. ಆಮೇಲೆ ಅವರು ನೋಟ್ ಪುಸ್ತಕ ತೆಗೆದುಕೊಂಡು ಪುಟ ಪುಟವೂ ಓದಿದರು. "ಗೋಡೆ ಕೆಡವುವುದು ಬೇಡ. ಮೂಲೆಯ ಅಡಿಪಾಯ ಬಲಪಡಿಸೋಣ. ಚರಂಡಿ ಮಾಡಿ ನೀರನ್ನು ದೂರ ಕಳಿಸೋಣ" ಎಂದರು. ಮೇಸ್ತ್ರಿಯವರೂ ಒಪ್ಪಿದರು.

ಹೆಂಚಿನ ಪರೀಕ್ಷೆ

ಜನವರಿಯಲ್ಲಿ ಮಾಡು ಬಿಚ್ಚಿದರು. ಗೆದ್ದಲು ತಿಂದ ಪಕಾಸು, ರೀಪುಗಳನ್ನು ಬದಲಾಯಿಸಿದರು. ಆದರೆ ಹಳೆಯ ಮಂಗಳೂರು ಹೆಂಚುಗಳನ್ನು ಎಸೆಯಲಿಲ್ಲ. ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು ಮಾಡುವ ಈ ಹೆಂಚುಗಳ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಆರಂಭಿಸಿದರು.

ಕೆಲಸದವರು ಒಂದೊಂದೇ ಹೆಂಚನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದರು. 'ಠಣ್' ಎಂದರೆ ಒಳ್ಳೆಯ ಹೆಂಚು. 'ಡಬ್' ಎಂದರೆ ಒಳಗೆ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ. ಬಿರುಕು ಇದ್ದಾಗ ಕಂಪನ ಇಡೀ ಹೆಂಚಿನಲ್ಲಿ ಸರಾಗವಾಗಿ ಹರಡುವುದಿಲ್ಲ. ಅದಕ್ಕೇ ದನಿ ಬೇರೆ.

ನೀರು ಮೇಲಕ್ಕೂ ಏರುತ್ತದೆ

ಕೋಣೆಯ ಗೋಡೆಯ ಬುಡಕ್ಕೆ ಹಿಂದೆ ಯಾವಾಗಲೋ ಸಿಮೆಂಟ್ ಗಾರೆ ಬಳಿದಿದ್ದರು. ಅದನ್ನು ಕಿತ್ತಾಗ ಒಳಗಿನ ಮಣ್ಣು ಒದ್ದೆಯಾಗಿತ್ತು. ಏಕೆ? ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲಕ್ಕೇರುತ್ತದೆ. ಗೋಡೆಯ ಮೈ ತೆರೆದಿದ್ದರೆ ಅದು ಆವಿಯಾಗಿ ಹೋಗುತ್ತದೆ. ಸಿಮೆಂಟ್ ಗಾರೆ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಆದ್ದರಿಂದ ಈ ಸಲ ಸುಣ್ಣದ ಗಾರೆ ಹಾಕಿದರು. ಅದರ ಮೂಲಕ ನೀರಿನ ಆವಿ ಹೊರಹೋಗಬಲ್ಲದು. ಸುಣ್ಣವು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ.

ನಾವು ಮಾಡಿದ ತಪ್ಪು

ಮಾರ್ಚ್‌ನಲ್ಲಿ ಜಗಲಿಗೆ ಕಾಂಕ್ರೀಟ್ ಹಾಕಿದರು. ಮರುದಿನವೇ ನಾವೆಲ್ಲ ಬಂಧುಗಳ ಮದುವೆಗೆ ಹೋದೆವು. ಮೂರು ದಿನ ಯಾರೂ ನೀರುಣಿಸಲಿಲ್ಲ. ಬಂದು ನೋಡಿದರೆ ಜಗಲಿಯ ತುಂಬ ಕೂದಲೆಳೆಯಂಥ ಬಿರುಕುಗಳು!

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಸಿಮೆಂಟ್ ನೀರಿನೊಡನೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ನೀರು ಬೇಗ ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಮೇಲ್ಮೈ ಕುಗ್ಗಿ ಬಿರಿಯುತ್ತದೆ. ಅದಕ್ಕಾಗಿ ಕನಿಷ್ಠ 7ರಿಂದ 10 ದಿನ ಅದನ್ನು ಒದ್ದೆಯಾಗಿಡಬೇಕು. ಕಾಂಕ್ರೀಟಿನ ಬಲವನ್ನು ಪರೀಕ್ಷಿಸುವುದು ಸಾಮಾನ್ಯವಾಗಿ 28 ದಿನಗಳ ನಂತರ.

"ಅತ್ತೆ, ಇದನ್ನೂ ಬರೆಯಬೇಕಾ?" ಎಂದು ಹುಡುಗಿ ಕೇಳಿದಳು. "ಇದನ್ನೇ ಮೊದಲು ಬರೆ" ಎಂದೆ. ಆ ಮೂರು ದಿನಗಳ ಎದುರು ಅವಳು 'ನೀರು ಹಾಕಿಲ್ಲ' ಎಂದು ಬರೆದಿದ್ದಾಳೆ.

ಮತ್ತೆ ಮಳೆಗಾಲ

ಮೇ ಕೊನೆಗೆ ಕೆಲಸ ಮುಗಿಯಿತು. ಆದರೆ ನಮ್ಮ ಊಹೆ ಸರಿಯೇ ಎಂದು ಇನ್ನೂ ಗೊತ್ತಾಗಿರಲಿಲ್ಲ. ಅದನ್ನು ಹೇಳಬೇಕಾದದ್ದು ಮಳೆ. ಹುಡುಗಿ ಹೊಸ ಗಾರೆಯ ಮೇಲೆ ಅದೇ ಜಾಗದಲ್ಲಿ 50 ಮಿ.ಮೀ. ಅಂತರದಲ್ಲಿ ಮತ್ತೆ ಎರಡು ಗೆರೆ ಎಳೆದಳು. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಅಳೆದಳು. ಆಗಸ್ಟ್ ಕೊನೆಯ ಭಾನುವಾರವೂ ಅಳತೆ 50 ಮಿ.ಮೀ. ಇತ್ತು. ಅಂದು ಸಂಜೆ ಅಮ್ಮನ ಮಂಚ ಮತ್ತೆ ಆ ಕೋಣೆಗೆ ಹೋಯಿತು.

ಮಾಡಿ ನೋಡಿ

1. ಒಂದು ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಅದಕ್ಕೆ ಶಾಯಿ ಬೆರೆಸಿ. ಒಂದು ಸೀಮೆಸುಣ್ಣದ ಕಡ್ಡಿಯನ್ನು ಅದರಲ್ಲಿ ನಿಲ್ಲಿಸಿ. ಬಣ್ಣ ಎಷ್ಟು ಎತ್ತರಕ್ಕೆ ಏರುತ್ತದೆ? ಐದೈದು ನಿಮಿಷಕ್ಕೊಮ್ಮೆ ಅಳೆದು ಬರೆಯಿರಿ.

2. ನಿಮ್ಮ ಶಾಲೆಯ ಮಾಡಿನ ಅಥವಾ ತಾರಸಿಯ ಉದ್ದ ಅಗಲವನ್ನು ನೆಲದ ಮೇಲೆ ನಿಂತೇ ಅಳೆಯಿರಿ. 60 ಮಿ.ಮೀ. ಮಳೆ ಬಿದ್ದರೆ ಎಷ್ಟು ಲೀಟರ್ ನೀರು ಬರುತ್ತದೆ? ಆ ನೀರು ಎಲ್ಲಿಗೆ ಹೋಗುತ್ತಿದೆ?

3. ದಾರ ಮತ್ತು ಕಲ್ಲಿನಿಂದ ತೂಗುಗುಂಡು ಮಾಡಿ ಬಾಗಿಲ ಚೌಕಟ್ಟು ನೆಟ್ಟಗಿದೆಯೇ ಪರೀಕ್ಷಿಸಿ.

ಎಚ್ಚರಿಕೆ: ಗೋಡೆಯಲ್ಲಿ ದೊಡ್ಡ ಬಿರುಕು ಕಂಡರೆ ಅದರ ಹತ್ತಿರ ಆಡಬೇಡಿ. ಕೂಡಲೇ ಹಿರಿಯರಿಗೆ ತಿಳಿಸಿ. ಹಿರಿಯರು ಜೊತೆಗಿದ್ದಾಗ ಮಾತ್ರ ಅಳತೆ ತೆಗೆಯಿರಿ. ಗೋಡೆ ಉಳಿಯಬೇಕೋ ಬೇಡವೋ ಎಂಬುದನ್ನು ತಿಳಿದ ಎಂಜಿನಿಯರ್ ನೋಡಿಯೇ ಹೇಳಬೇಕು. ಸುಣ್ಣ ಮತ್ತು ಸಿಮೆಂಟನ್ನು ಬರಿಗೈಯಿಂದ ಮುಟ್ಟಬೇಡಿ.