ಬೆಂಕಿಯಲ್ಲಿ ಬರೆದ ಅಕ್ಷರಗಳು

ಪ್ರತಿವರ್ಷ ಮಕರ ಸಂಕ್ರಮಣದ ವೇಳೆಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದು ಒಂದು ಮುಖ್ಯ ಕಾರ್ಯಕ್ರಮವಾಗಿದೆ. ಭೀಮಾ ನದಿಯ ಆಚೆಗಿರುವ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿಯೂ ಈ ಪದ್ಧತಿಯುಂಟು. ಆಕಾಶಕ್ಕೇರಿ ಸಿಡಿಯುವ ಬಾಣಗಳು ಎಲ್ಲರ ಕಣ್ಣನ್ನೂ ಸೆಳೆಯುತ್ತವೆ. ಆದರೆ ಮದ್ದಿನ ಕಲೆಯಲ್ಲಿ ಇನ್ನೊಂದು ಬಗೆಯುಂಟು: ನೆಲದ ಮೇಲೆ ನಿಲ್ಲಿಸಿದ ಚೌಕಟ್ಟೊಂದು ಒಮ್ಮೆಲೇ ಹೊತ್ತಿಕೊಂಡು, ಕತ್ತಲಿನಲ್ಲಿ ಒಂದು ಹೆಸರನ್ನೋ ಹಾರೈಕೆಯ ಮಾತನ್ನೋ ಉರಿಯುವ ಅಕ್ಷರಗಳಲ್ಲಿ ಬರೆದು ತೋರಿಸಿ, ಒಂದು ನಿಮಿಷದಲ್ಲಿ ಆರಿಹೋಗುತ್ತದೆ. ಬಾಣವನ್ನು ಹಾರಿಸುವುದು ಬಲವಿಜ್ಞಾನದ ವಿಷಯ. ಅಕ್ಷರವನ್ನು ಉರಿಸುವುದು ಕಣ್ಣಿನ ಮತ್ತು ಗಡಿಯಾರದ ವಿಷಯ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಿಂತಲ್ಲಿಯೇ ಉರಿಯುವ ಇಂತಹ ಆಕೃತಿಗಳು ಕನ್ನಡನಾಡಿಗೆ ಹೊಸವಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಝಾಕನು ಅಲ್ಲಿಯ ಉತ್ಸವದ ವರ್ಣನೆಯಲ್ಲಿ ಬಾಣಬಿರುಸುಗಳ ಮಾತನ್ನೆತ್ತಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಿಸನು, ತಾವೇ ಉರಿಯುತ್ತ ತಮ್ಮೊಳಗಿನಿಂದ ಬಾಣಗಳನ್ನು ಎಸೆಯುವ ಕೃತಕ ಕೋಟೆಗಳನ್ನು ಕುರಿತು ಬರೆದಿದ್ದಾನೆ. ೧೬೦೯ರಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನು ತನ್ನ ಆಸ್ಥಾನಿಕನೊಬ್ಬನ ಮಗಳನ್ನು ಮಲಿಕ್ ಅಂಬರನ ಮಗನಿಗೆ ಕೊಟ್ಟು ನಡೆಸಿದ ಮದುವೆಯಲ್ಲಿ ಮದ್ದಿಗಾಗಿಯೇ ಸುಮಾರು ೮೦,೦೦೦ ರೂಪಾಯಿ ವೆಚ್ಚವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ.

ಅಕ್ಷರದ ಅಂಗಗಳು

ಉರಿಯುವ ಅಕ್ಷರದಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಚೌಕಟ್ಟು. ನೇರವಾದ ಗೆರೆಗಳಿಗೆ ಮರದ ಪಟ್ಟಿ ಸಾಕು. ಆದರೆ ಕನ್ನಡದ ಅಕ್ಷರಗಳು ದುಂಡನೆಯವು, ಅವುಗಳಿಗೆ ಬಾಗುವ ಬಿದಿರಿನ ಸೀಳು ಬೇಕು. ಎರಡನೆಯದು ಕಿರುಗೊಳವೆ. ಇದು ಬೆರಳಿನುದ್ದದ, ಪೆನ್ಸಿಲಿನಷ್ಟು ದಪ್ಪದ ತೆಳುಕಾಗದದ ಕೊಳವೆ. ಇದರೊಳಗೆ ಬಣ್ಣದ ಬೆಂಕಿಯನ್ನು ಕೊಡುವ ಮದ್ದು ತುಂಬಿರುತ್ತದೆ. ಸಾಮಾನ್ಯವಾಗಿ ಇದು ಸುಮಾರು ಒಂದು ನಿಮಿಷ ಉರಿಯುತ್ತದೆ. ಅಕ್ಷರದ ಗೆರೆಯುದ್ದಕ್ಕೂ ಇಂತಹ ಕೊಳವೆಗಳನ್ನು ಪ್ರೇಕ್ಷಕರ ಕಡೆಗೆ ಚಾಚಿಕೊಂಡಿರುವಂತೆ ಸಾಲಾಗಿ ನೆಡುತ್ತಾರೆ. ಮೂರನೆಯದು, ಎಲ್ಲ ಕೊಳವೆಗಳ ತುದಿಯನ್ನೂ ಮುಟ್ಟಿಕೊಂಡು ಹೋಗುವ ಬತ್ತಿ.

ಹೀಗೆ ನೋಡಿದರೆ ಅಕ್ಷರವೆಂಬುದು ಚುಕ್ಕೆಗಳ ಸಾಲು ಮಾತ್ರ. ಚುಕ್ಕೆಗಳನ್ನು ಗೆರೆಯಾಗಿ ಮಾಡುವುದು ನೋಡುವವನ ಕಣ್ಣು. ಆದುದರಿಂದ ಮೊದಲು ಕಣ್ಣಿನ ಲೆಕ್ಕವನ್ನು ತಿಳಿಯಬೇಕು.

ಕಣ್ಣಿನ ಲೆಕ್ಕ

ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ ಒಂದು ಕಲೆಯೆಂದು ಹೆಸರು. ಎರಡು ಚುಕ್ಕೆಗಳು ನಮ್ಮ ಕಣ್ಣಿನಲ್ಲಿ ಸುಮಾರು ಒಂದು ಕಲೆಗಿಂತ ಕಡಿಮೆ ಕೋನವನ್ನು ಮಾಡಿದರೆ ಅವು ಎರಡೆಂದು ತೋರದೆ ಒಂದೇ ಎಂದು ತೋರುತ್ತವೆ. ನೂರು ಮೀಟರ್ ದೂರದಲ್ಲಿ ಒಂದು ಕಲೆಗೆ ಸಮನಾದ ಅಂತರ ೨.೯ ಸೆಂಟಿಮೀಟರ್. ಹಾಗಾದರೆ ನೂರು ಮೀಟರ್ ದೂರದ ಪ್ರೇಕ್ಷಕನಿಗೆ ಅಖಂಡವಾದ ಗೆರೆ ಕಾಣಬೇಕಾದರೆ ಕೊಳವೆಗಳನ್ನು ಮೂರು ಸೆಂಟಿಮೀಟರಿಗೊಂದರಂತೆ ನೆಡಬೇಕೇ?

ಬೇಕಾಗಿಲ್ಲ. ಮದ್ದಿನ ಕೆಲಸದವರು ಅವುಗಳನ್ನು ಇದರ ಮೂರುಪಟ್ಟು ದೂರದಲ್ಲಿ, ಹತ್ತು ಸೆಂಟಿಮೀಟರಿಗೊಂದರಂತೆ ನೆಟ್ಟರೂ ಅಕ್ಷರವನ್ನು ಓದಬಹುದು. ಇದಕ್ಕೆ ಎರಡು ಕಾರಣಗಳಿವೆ. ಕತ್ತಲಿನಲ್ಲಿ ಪ್ರಖರವಾದ ಜ್ವಾಲೆಯ ಬೆಳಕು ಕಣ್ಣಿನೊಳಗೆ ಸ್ವಲ್ಪ ಚೆದುರಿ, ಚುಕ್ಕೆಯು ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ತೋರುತ್ತದೆ. ಎರಡನೆಯ ಕಾರಣ ಮನಸ್ಸಿಗೆ ಸಂಬಂಧಿಸಿದ್ದು. ಹತ್ತಿರ ಹತ್ತಿರವಿರುವ ಚುಕ್ಕೆಗಳನ್ನು ಮನಸ್ಸು ತಾನಾಗಿಯೇ ಒಂದು ಗುಂಪಾಗಿ ಗ್ರಹಿಸುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ವರ್ಟ್‌ಹೈಮರನು ೧೯೨೩ರಲ್ಲಿ ಈ ನಿಯಮವನ್ನು ವಿವರಿಸಿದನು. ಚುಕ್ಕೆಯಿಟ್ಟು ರಂಗೋಲಿ ಹಾಕುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದು ಅನುಭವದಿಂದಲೇ ಗೊತ್ತು.

ಈ ನಿಯಮದಿಂದ ಒಂದು ಮುಖ್ಯವಾದ ಷರತ್ತು ಹೊರಡುತ್ತದೆ. ಒಂದೇ ಗೆರೆಯ ಮೇಲಿನ ಎರಡು ಚುಕ್ಕೆಗಳ ಅಂತರಕ್ಕಿಂತ, ಪಕ್ಕಪಕ್ಕದ ಎರಡು ಗೆರೆಗಳ ಅಂತರ ಸ್ಪಷ್ಟವಾಗಿ ಹೆಚ್ಚಾಗಿರಬೇಕು. ಇಲ್ಲವಾದರೆ ಕಣ್ಣು ಕೂಡಿಸಬಾರದ ಚುಕ್ಕೆಗಳನ್ನು ಕೂಡಿಸಿ, ಅಕ್ಷರವು ಬೆಂಕಿಯ ಮುದ್ದೆಯಾಗುತ್ತದೆ. ಎರಡೂವರೆ ಪಟ್ಟು ಅಂತರವನ್ನು ಇಟ್ಟುಕೊಳ್ಳೋಣ. ಆಗ ಚುಕ್ಕೆಗಳ ನಡುವೆ ೧೦ ಸೆಂಟಿಮೀಟರ್ ಇದ್ದರೆ ಗೆರೆಗಳ ನಡುವೆ ೨೫ ಸೆಂಟಿಮೀಟರ್ ಬೇಕು.

ಈಗ ಕನ್ನಡ ಲಿಪಿಯತ್ತ ನೋಡಿ. ತಲೆಕಟ್ಟಿರುವ ಅಕ್ಷರವೊಂದರ ಮೇಲಿನಿಂದ ಕೆಳಕ್ಕೆ ಒಂದು ಗೆರೆಯನ್ನೆಳೆದರೆ, ಅದು ಅಕ್ಷರದ ಗೆರೆಗಳನ್ನು ಮೂರು ನಾಲ್ಕು ಕಡೆ ಹಾಯುತ್ತದೆ. ನಾಲ್ಕು ಗೆರೆಗಳಿಗೆ ಮೂರು ಅಂತರಗಳು. ೨೫ರಂತೆ ೭೫ ಸೆಂಟಿಮೀಟರ್. ಒತ್ತಕ್ಷರವಿದ್ದರೆ ಕೆಳಗಡೆ ಇನ್ನೂ ಎರಡು ಮೂರು ಅಂತರಗಳು ಬೇಕು. ಎತ್ತರವು ಒಂದೂವರೆ ಮೀಟರಿಗೇರುತ್ತದೆ. ಅಕ್ಷರದ ಗಾತ್ರವನ್ನು ನಿರ್ಣಯಿಸುವುದು ಅದರ ಅತಿ ಇಕ್ಕಟ್ಟಾದ ಜಾಗವೇ ಹೊರತು ಅದರ ಅಗಲವಲ್ಲ. ದ, ಧ, ಥ ಎಂಬ ಮೂರು ಅಕ್ಷರಗಳನ್ನು ಬರೆದು ಪರೀಕ್ಷಿಸಿರಿ. ದಕಾರದ ಬುಡದಲ್ಲಿ ಒಂದು ಸಣ್ಣ ಗೀಟು ಸೇರಿದರೆ ಧ, ಒಳಗೆ ಒಂದು ಚುಕ್ಕೆಯೂ ಸೇರಿದರೆ ಥ. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಂದೇ ಗೆರೆ. ಹಗಲಿನಲ್ಲಿ ಕಾಗದದ ಮೇಲೆ ಇವುಗಳನ್ನು ಓದಲು ಯಾವ ತೊಡಕೂ ಇಲ್ಲ. ಬೆಂಕಿಯಲ್ಲಿ ಬರೆದಾಗ ಆ ಒಂದು ಚುಕ್ಕೆ ನೆರೆಯ ಜ್ವಾಲೆಯಲ್ಲಿ ಮುಳುಗಿದರೆ ‘ರಥ’ವು ರಥವಾಗಿ ಉಳಿಯುವುದಿಲ್ಲ.

ಬತ್ತಿಯ ಲೆಕ್ಕ

ಇನ್ನು ಕಾಲದ ಪ್ರಶ್ನೆ. ಇಂಡಿ ತಾಲ್ಲೂಕಿನ ‘ತಾಂಬಾ’ ಗ್ರಾಮದ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಒತ್ತಕ್ಷರವಿಲ್ಲ, ಆದುದರಿಂದ ಒಂದು ಮೀಟರ್ ಎತ್ತರ ಸಾಕು. ‘ತಾ’ ಮತ್ತು ‘ಬಾ’ಗಳ ಗೆರೆಯ ಉದ್ದ ತಲಾ ೫ ಮೀಟರ್ ಎಂದಿಟ್ಟುಕೊಳ್ಳೋಣ. ನಡುವಣ ಸೊನ್ನೆಯ ವ್ಯಾಸ ೪೦ ಸೆಂಟಿಮೀಟರ್ ಇದ್ದರೆ ಅದರ ಪರಿಧಿ ೩.೧೪ × ೪೦, ಅಂದರೆ ಸುಮಾರು ೧೨೬ ಸೆಂಟಿಮೀಟರ್. ಒಟ್ಟು ಗೆರೆ ಹನ್ನೊಂದು ಮೀಟರಿಗೆ ಸ್ವಲ್ಪ ಹೆಚ್ಚು. ಕೊಳವೆಗಳು ಸುಮಾರು ೧೧೩. ಒಂದಕ್ಷರದಿಂದ ಇನ್ನೊಂದಕ್ಕೆ ದಾಟುವ ಭಾಗವನ್ನೂ ಸೇರಿಸಿದರೆ ಬತ್ತಿಯ ಉದ್ದ ೧೨ ಮೀಟರ್.

ಮದ್ದು ಸವರಿದ ಬರಿಯ ನೂಲುಬತ್ತಿಯು ಸೆಕೆಂಡಿಗೆ ಕೆಲವೇ ಸೆಂಟಿಮೀಟರುಗಳಷ್ಟು ಉರಿಯುತ್ತದೆ. ೩ ಸೆಂಟಿಮೀಟರ್ ಎಂದರೆ, ೧೨ ಮೀಟರನ್ನು ದಾಟಲು ೪೦೦ ಸೆಕೆಂಡುಗಳು, ಎಂದರೆ ೬ ನಿಮಿಷ ೪೦ ಸೆಕೆಂಡು ಬೇಕು. ಆದರೆ ಒಂದೊಂದು ಕೊಳವೆಯೂ ಉರಿಯುವುದು ೬೦ ಸೆಕೆಂಡು ಮಾತ್ರ! ಯಾವ ಕ್ಷಣದಲ್ಲಿ ನೋಡಿದರೂ ೬೦ × ೩, ಅಂದರೆ ೧೮೦ ಸೆಂಟಿಮೀಟರಿನಷ್ಟು ಗೆರೆ ಮಾತ್ರ ಬೆಳಗುತ್ತಿರುತ್ತದೆ. ಪ್ರೇಕ್ಷಕರಿಗೆ ಕಾಣುವುದು ಊರಿನ ಹೆಸರಲ್ಲ, ಎರಡು ಮೀಟರಿಗೂ ಗಿಡ್ಡದಾದ ಬೆಂಕಿಯ ಹಾವೊಂದು ಚೌಕಟ್ಟಿನ ಮೇಲೆ ಹರಿದುಹೋದ ನೋಟ.

ಇದಕ್ಕೆ ಪರಿಹಾರವು ಅಚ್ಚರಿಪಡುವಷ್ಟು ಸರಳವಾಗಿದೆ. ಅದೇ ನೂಲುಬತ್ತಿಯನ್ನು ಸಡಿಲವಾದ ಕಾಗದದ ಕೊಳವೆಯೊಳಗೆ ಹಾಯಿಸಿದರೆ ಬೆಂಕಿಯು ಸೆಕೆಂಡಿಗೆ ಹಲವು ಮೀಟರುಗಳ ವೇಗದಲ್ಲಿ ಓಡುತ್ತದೆ. ಬಯಲಿನಲ್ಲಿ ಉರಿಯುವಾಗ ಬಿಸಿಯಾದ ಅನಿಲವು ಸುತ್ತಲೂ ಹರಡಿ ವ್ಯರ್ಥವಾಗುತ್ತದೆ. ಮುಂದಿನ ನೂಲಿಗೆ ಶಾಖವು ಮೆಲ್ಲಗೆ ತಲಪುತ್ತದೆ. ಕಾಗದದ ಗೋಡೆಯು ಆ ಅನಿಲವನ್ನು ತಡೆದಾಗ ಅದು ನೂಲಿಗೂ ಕಾಗದಕ್ಕೂ ನಡುವಣ ಸಂದಿನಲ್ಲಿ ಮುಂದಕ್ಕೆ ನುಗ್ಗಿ, ಮುಂದಿನ ಭಾಗವನ್ನು ಮೊದಲೇ ಹೊತ್ತಿಸುತ್ತದೆ. ಮದ್ದು ಬದಲಾಗಲಿಲ್ಲ, ನೂಲು ಬದಲಾಗಲಿಲ್ಲ. ಬದಲಾದದ್ದು ಅನಿಲದ ದಾರಿ. ವೇಗವು ಸೆಕೆಂಡಿಗೆ ೬ ಮೀಟರ್ ಎಂದರೆ ‘ತಾಂಬಾ’ ಎಂಬ ಹೆಸರು ಎರಡೇ ಸೆಕೆಂಡುಗಳಲ್ಲಿ ಪೂರ್ಣವಾಗಿ ಹೊತ್ತಿಕೊಂಡು, ಉಳಿದ ಐವತ್ತೆಂಟು ಸೆಕೆಂಡು ಸ್ಥಿರವಾಗಿ ನಿಲ್ಲುತ್ತದೆ. ಬತ್ತಿಗೆ ತುದಿಯಲ್ಲಿ ಅಲ್ಲದೆ ನಡುವೆ ಬೆಂಕಿ ಕೊಟ್ಟರೆ ಎರಡು ಸೆಕೆಂಡು ಒಂದಾಗುತ್ತದೆ.

ಹೊತ್ತುವುದು ಒಟ್ಟಿಗೆ ಆದಂತೆ ಆರುವುದೂ ಒಟ್ಟಿಗೆ ಆಗಬೇಕು. ಕೊಳವೆಯ ಉದ್ದ, ಮದ್ದನ್ನು ಒತ್ತಿದ ಬಿಗಿ, ಅದರಲ್ಲಿರುವ ತೇವ ಇವೆಲ್ಲ ಸಮನಾಗಿದ್ದರೆ ಮಾತ್ರ ಉರಿಯುವ ಕಾಲವೂ ಸಮನಾದೀತು. ಸೊನ್ನೆಯ ಕೊಳವೆಗಳು ನೂರಕ್ಕೆ ಹತ್ತರಷ್ಟು ಬೇಗ ಉರಿದುಹೋದರೆ ಕೊನೆಯ ಆರು ಸೆಕೆಂಡುಗಳ ಕಾಲ ‘ತಾಂಬಾ’ ಎಂಬುದು ‘ತಾಬಾ’ ಆಗಿರುತ್ತದೆ!

ಬಣ್ಣ ಮತ್ತು ಹೊಗೆ

ಆದಿಲಶಹನ ಕಾಲದ ಬೆಂಕಿಯಲ್ಲಿ ಇಂದಿನಂತಹ ಗಾಢವಾದ ಬಣ್ಣಗಳಿರಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಲುಗಳಿಂದ ಮುಖ್ಯವಾಗಿ ಹೊನ್ನಿನ ಬಣ್ಣದ ಮತ್ತು ಬಿಳಿಚಿದ ಬೆಳಕೇ ಹೊರಡುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೊಲೆಯು ಪೊಟ್ಯಾಸಿಯಂ ಕ್ಲೋರೇಟನ್ನು ತಯಾರಿಸಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬಣ್ಣದ ಬೆಂಕಿ ಸಾಧ್ಯವಾಯಿತು. ಸ್ಟ್ರಾನ್ಷಿಯಂ ಕೆಂಪನ್ನೂ, ಬೇರಿಯಂ ಹಸಿರನ್ನೂ, ಸೋಡಿಯಂ ಹಳದಿಯನ್ನೂ, ತಾಮ್ರವು ನೀಲಿಯನ್ನೂ ಕೊಡುತ್ತವೆ. ಇವುಗಳಲ್ಲಿ ನೀಲಿಯೇ ಕಷ್ಟದ್ದು. ನೀಲಿ ಬೆಳಕನ್ನು ಸೂಸುವ ತಾಮ್ರ ಮತ್ತು ಕ್ಲೋರಿನ್ನಿನ ಅಣುವು ಜ್ವಾಲೆಯ ಶಾಖ ಹೆಚ್ಚಾದರೆ ಒಡೆದುಹೋಗುತ್ತದೆ. ಶಾಖ ಕಡಿಮೆಯಾದರೆ ಬೆಳಕು ಸಾಲದು. ಇದರ ಜೊತೆಗೆ, ನಮ್ಮ ಕಣ್ಣಿನ ಮಸೂರವು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸಿ ಅಕ್ಷಿಪಟದ ಮುಂದೆಯೇ ಕೂಡಿಸುವುದರಿಂದ, ದೂರದ ನೀಲಿ ಅಕ್ಷರದ ಅಂಚು ಮಸುಕಾಗಿ ತೋರುತ್ತದೆ. ಓದಬೇಕಾದ ಮಾತಿಗೆ ಹಳದಿ, ಬಿಳಿ, ಕೆಂಪುಗಳೇ ಲೇಸು.

ಕಪ್ಪುಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಅನಿಲವಾಗದೆ ಘನಪದಾರ್ಥದ ಕಣಗಳಾಗಿ ಉಳಿಯುತ್ತದೆ. ನಮಗೆ ಹೊಗೆಯಾಗಿ ಕಾಣುವುದು ಈ ಕಣಗಳೇ. ಅಕ್ಷರಗಳ ಬೆಳಕೇ ಆ ಹೊಗೆಯ ಮೇಲೆ ಬಿದ್ದು ಚೆದುರಿ, ಕಪ್ಪಾಗಿರಬೇಕಾದ ಹಿನ್ನೆಲೆಯನ್ನು ಬೆಳ್ಳಗೆ ಮಾಡುತ್ತದೆ. ಆದುದರಿಂದ ಗಾಳಿಯು ಚೌಕಟ್ಟಿಗೆ ಅಡ್ಡಲಾಗಿ ಬೀಸುವಂತೆ ಅದನ್ನು ನಿಲ್ಲಿಸಬೇಕು. ಗಾಳಿಯು ಚೌಕಟ್ಟಿನಿಂದ ಪ್ರೇಕ್ಷಕರ ಕಡೆಗೆ ಬೀಸಿದರೆ ಹೊಗೆಯೂ ಕಿಡಿಯೂ ಅವರ ಪಾಲಾಗುತ್ತವೆ.

ಹಿತ್ತಿಲಿನಲ್ಲಿ ಮಾಡಬಹುದಾದುದು

ಇಷ್ಟನ್ನು ಓದಿದ ಉತ್ಸಾಹಿ ವಿದ್ಯಾರ್ಥಿಗೆ ತಾನೇ ಮದ್ದನ್ನು ಕಲಸಿ ನೋಡುವ ಆಸೆ ಹುಟ್ಟಬಹುದು. ಅದು ಸರ್ವಥಾ ಕೂಡದು. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಮದ್ದನ್ನು ತಯಾರಿಸುವುದು ಅಪರಾಧ. ಆ ಕಾನೂನಿನ ಹಿಂದೆ ಇರುವುದು ಕೇವಲ ಆಜ್ಞೆಯಲ್ಲ, ರಸಾಯನಶಾಸ್ತ್ರ. ಕ್ಲೋರೇಟಿಗೆ ಗಂಧಕ ಬೆರೆತರೆ ಆ ಮಿಶ್ರಣವು ಬರಿಯ ಉಜ್ಜುವಿಕೆಯಿಂದಲೇ ಸಿಡಿಯಬಲ್ಲದು. ೧೯೯೨ರಲ್ಲಿ ಭಾರತ ಸರ್ಕಾರವು ಅದನ್ನು ಪಟಾಕಿಗಳಲ್ಲಿ ನಿಷೇಧಿಸಿತು. ಬೇರಿಯಂ ಲವಣಗಳು ವಿಷಕಾರಿಗಳಾದುದರಿಂದ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಅವುಗಳ ಬಳಕೆಯನ್ನು ತಡೆದು, ೨೦೨೧ರಲ್ಲಿ ಆ ಆಜ್ಞೆಯನ್ನು ಪುನಃ ಎತ್ತಿಹೇಳಿತು. ಪರವಾನಗಿಯುಳ್ಳ ಕಾರ್ಖಾನೆಯಿಂದ ಬಂದ ಸಾಮಗ್ರಿಯೂ ಸಾಧುವಾದುದಲ್ಲ. ೨೦೨೩ರ ಅಕ್ಟೋಬರ್ ೭ರಂದು ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಯೊಂದು ಹೊತ್ತಿಕೊಂಡಾಗ ಹದಿನಾಲ್ಕಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಎಳೆಯ ವಯಸ್ಸಿನವರು.

ಆದರೆ ಅಕ್ಷರದ ವಿಜ್ಞಾನವನ್ನು ಕಲಿಯಲು ಒಂದು ಚಿಟಿಕೆ ಮದ್ದೂ ಬೇಕಾಗಿಲ್ಲ. ಕಣ್ಣು ಅಳೆಯುವುದು ಉದ್ದವನ್ನಲ್ಲ, ಕೋನವನ್ನು. ಸಮರೂಪ ತ್ರಿಭುಜಗಳ ನಿಯಮದಂತೆ ನೂರು ಮೀಟರ್ ದೂರದ ಒಂದು ಮೀಟರ್ ಅಕ್ಷರವೂ, ಹತ್ತು ಮೀಟರ್ ದೂರದ ಹತ್ತು ಸೆಂಟಿಮೀಟರ್ ಅಕ್ಷರವೂ ಕಣ್ಣಿಗೆ ಒಂದೇ. ಆದುದರಿಂದ ಹೀಗೆ ಮಾಡಿರಿ: ದಪ್ಪನೆಯ ಕಪ್ಪು ಕಾಗದದ ಮೇಲೆ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ನಿಮ್ಮ ಊರಿನ ಹೆಸರನ್ನು ಬರೆಯಿರಿ. ಗೆರೆಯುದ್ದಕ್ಕೂ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ದಬ್ಬಳದಿಂದ ರಂಧ್ರ ಮಾಡಿರಿ. ಹಿಂದೆ ಒಂದು ಎಣ್ಣೆಕಾಗದವನ್ನಿಟ್ಟು, ಅದರ ಹಿಂದೆ ಒಂದು ಟಾರ್ಚನ್ನು ಹೊತ್ತಿಸಿರಿ. ಕತ್ತಲಾದ ಮೇಲೆ ಹಿತ್ತಿಲಿನ ಗೋಡೆಗೆ ಅದನ್ನು ನಿಲ್ಲಿಸಿ ಹತ್ತು ಮೀಟರ್ ಹಿಂದಕ್ಕೆ ಸರಿದು ಓದಿರಿ. ಆ ಹೆಸರನ್ನು ಮೊದಲೇ ತಿಳಿಯದ ಒಬ್ಬರಿಂದಲೂ ಓದಿಸಿರಿ. ಬರೆದವನಿಗೆ ತನ್ನ ಅಕ್ಷರ ಯಾವಾಗಲೂ ಸ್ಪಷ್ಟವಾಗಿಯೇ ತೋರುತ್ತದೆ. ಆಮೇಲೆ ರಂಧ್ರಗಳ ಅಂತರವನ್ನು ಹೆಚ್ಚುಕಡಿಮೆ ಮಾಡಿ, ಒತ್ತಕ್ಷರವಿರುವ ಹೆಸರನ್ನು ತೆಗೆದುಕೊಂಡು, ಯಾವ ದೂರದಲ್ಲಿ ಯಾವ ಅಕ್ಷರ ಮೊದಲು ಕೆಡುತ್ತದೆಂಬುದನ್ನು ಒಂದು ಕೋಷ್ಟಕದಲ್ಲಿ ಬರೆದಿಡಿರಿ.

ಉರಿಯುವ ಕಾಲವನ್ನು ಅಭ್ಯಾಸ ಮಾಡಲು ಊದಿನಕಡ್ಡಿ ಸಾಕು. ಅದರ ಮೇಲೆ ಸೆಂಟಿಮೀಟರಿಗೊಂದು ಗುರುತು ಮಾಡಿ, ಒಂದು ಗುರುತಿನಿಂದ ಇನ್ನೊಂದಕ್ಕೆ ಕಿಡಿ ಇಳಿಯುವ ಕಾಲವನ್ನು ಗಡಿಯಾರದಿಂದ ಅಳೆಯಿರಿ. ಉದ್ದಕ್ಕೂ ಕಾಲಕ್ಕೂ ನಕ್ಷೆ ಎಳೆದರೆ ಸರಳರೇಖೆ ಬರುತ್ತದೆಯೇ? ಒಂದೇ ಕಟ್ಟಿನ ಹತ್ತು ಕಡ್ಡಿಗಳು ಒಂದೇ ಕಾಲದಲ್ಲಿ ಉರಿಯುತ್ತವೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಕಿರುಗೊಳವೆಯ ಗುಟ್ಟು ದೊರೆತಂತೆಯೇ.

ಮುಂದಿನ ಸಂಕ್ರಮಣದ ಜಾತ್ರೆಗೆ ನೀವು ಹೋದಾಗ, ಮದ್ದು ಸುಡುವ ಬಯಲಿನಿಂದ ಕಟ್ಟಳೆಯ ದೂರದಲ್ಲಿ ನಿಂತು, ಒಂದು ಕೈಗಡಿಯಾರವನ್ನು ಮಾತ್ರ ಇಟ್ಟುಕೊಳ್ಳಿರಿ. ನಿಂತು ಉರಿಯುವ ಆಕೃತಿ ಕಂಡರೆ ಅದು ಎಷ್ಟು ಸೆಕೆಂಡಿನಲ್ಲಿ ಪೂರ್ಣವಾಗಿ ಹೊತ್ತಿತು, ಎಷ್ಟು ಹೊತ್ತು ನಿಂತಿತು, ಯಾವ ಮೂಲೆ ಮೊದಲು ಆರಿತು ಎಂಬುದನ್ನು ಗಮನಿಸಿರಿ. ಆ ಮೂರು ಅಂಕಿಗಳಿಂದ ಬತ್ತಿಯ ವೇಗವನ್ನೂ ಅದನ್ನು ಕಟ್ಟಿದವನ ಕೈಚಳಕವನ್ನೂ ಮನೆಗೆ ಬಂದು ಲೆಕ್ಕ ಹಾಕಬಹುದು.