ಎಡಗಣ್ಣಿಗೊಂದು, ಬಲಗಣ್ಣಿಗೊಂದು: ತ್ರೀ-ಡಿ ಪನೋರಮಾಕ್ಕೆ ಎಂಟು ಸೂತ್ರ

ವಸಂತನರಸಾಪುರದ ಕೈಗಾರಿಕಾ ಪ್ರದೇಶ ಒಂದು ಫೋಟೊದಲ್ಲಿ ಹಿಡಿಸುವಂಥದ್ದಲ್ಲ. 2014ರ ಸೆಪ್ಟೆಂಬರಿನಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಜಾಗ. ಉದ್ದುದ್ದ ಶೆಡ್ಡು, ಅಗಲ ರಸ್ತೆ. ಅಗಲದ ಜೊತೆ ಆಳವೂ ಬೇಕೆಂದರೆ ಎರಡು ಪನೋರಮಾ ತೆಗೆಯಬೇಕು.

1. ಒಂದೇ ಮಾದರಿಯ ಎರಡು ಕ್ಯಾಮೆರಾಗಳನ್ನು ಒಂದು ಅಲ್ಯುಮಿನಿಯಂ ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಲೆನ್ಸುಗಳ ನಡುವೆ ನಮ್ಮ ಕಣ್ಣುಗಳಷ್ಟೇ ಅಂತರ, ಸುಮಾರು 65 ಮಿ.ಮೀ. ಎರಡು ಫೋನು ಪಕ್ಕಪಕ್ಕ ಇಟ್ಟರೆ ತುಸು ಹೆಚ್ಚಾಗುತ್ತದೆ, ಪರವಾಗಿಲ್ಲ.

2. ಆ ಅಂತರದ ಮೂವತ್ತು ಪಟ್ಟು ದೂರದೊಳಗೆ, ಅಂದರೆ ಎರಡು ಮೀಟರಿನೊಳಗೆ, ಯಾವ ವಸ್ತುವೂ ಇರಬಾರದು. ಫ್ಯಾಕ್ಟರಿ ಗೇಟಿಗೆ ಒರಗಿ ತೆಗೆಯಬೇಡಿ.

3. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಆಟೊ ಬೇಡವೇ ಬೇಡ.

4. ಟ್ರೈಪಾಡಿನ ಅಕ್ಷ ಎರಡು ಲೆನ್ಸುಗಳ ನಟ್ಟನಡುವೆ ಬರಲಿ. ಆಗ ತಿರುಗಿಸಿದಾಗಲೆಲ್ಲ ಎರಡೂ ಲೆನ್ಸು ಸ್ವಲ್ಪ ಜಾಗ ಬದಲಿಸುತ್ತವೆ, ಹತ್ತಿರದ ಲೈಟ್ ಕಂಬ ಸ್ಟಿಚ್ಚಿನಲ್ಲಿ, ಅಂದರೆ ಫ್ರೇಮುಗಳನ್ನು ಬೆಸೆಯುವಾಗ, ಮುರಿದು ಕಾಣುತ್ತದೆ. ಮದ್ದು ಒಂದೇ: ಹೆಚ್ಚು ಫ್ರೇಮು, ಪ್ರತಿಯೊಂದರ ನಡುವಿನ ಪಟ್ಟಿ ಮಾತ್ರ ಬಳಕೆಗೆ. ಫುಲ್ ಫ್ರೇಮ್ ಕ್ಯಾಮೆರಾ, 28 ಮಿ.ಮೀ. ಲೆನ್ಸು ಆದರೆ 20 ಡಿಗ್ರಿಗೊಂದು ಕ್ಲಿಕ್. ಪೂರ್ತಿ ಸುತ್ತಿಗೆ 18 ಜೋಡಿ.

5. ಎರಡೂ ಶಟರ್ ಒಟ್ಟಿಗೇ ಒತ್ತಿ. ಒಂದೇ ಕ್ಯಾಮೆರಾವನ್ನು ಆಚೀಚೆ ಸರಿಸಿ ಕಾಸು ಉಳಿಸಲು ಹೊರಟಿದ್ದೆ. ಎಡಗಣ್ಣಿಗೆ ಲಾರಿಯ ಮುಂಭಾಗ, ಬಲಗಣ್ಣಿಗೆ ಬರೀ ಟಾರ್ಪಾಲು ಸಿಕ್ಕಿತು.

6. ಎಲ್ಲರೂ ಎಡವುವುದು ಸ್ಟಿಚ್ ಮಾಡುವಾಗ. ಎಡದ ಸಾಲನ್ನೂ ಬಲದ ಸಾಲನ್ನೂ ಬೇರೆಬೇರೆಯಾಗಿ ಹ್ಯೂಗಿನ್ ಎಂಬ ಸ್ಟಿಚಿಂಗ್ ಸಾಫ್ಟ್‌ವೇರಿಗೆ ಕೊಟ್ಟರೆ ಎರಡೂ ಚೆಂದವಾಗಿಯೇ ಬರುತ್ತವೆ, ಜೋಡಿ ಮಾತ್ರ ಕೂಡುವುದಿಲ್ಲ. ಮೊದಲು ಎಡದ್ದನ್ನು ಸರಿಮಾಡಿ, ಅದೇ ಕೋನಗಳನ್ನು ಟೆಂಪ್ಲೇಟ್ ಆಗಿ ಬಲದ್ದಕ್ಕೆ ಹಚ್ಚಿ. ಆಮೇಲೂ ಏರುಪೇರಿದ್ದರೆ ಬಲದ ಪನೋರಮಾವನ್ನು ಇಡಿಯಾಗಿ ಸರಿಸಿ, ಬಿಡಿ ಫ್ರೇಮುಗಳನ್ನು ಮುಟ್ಟಬೇಡಿ. ಬೆಸುಗೆಯ ಗೆರೆಗಳೂ ಎರಡರಲ್ಲೂ ಒಂದೇ ಕಡೆ ಬೀಳಲಿ.

7. ಎಡದ ಪನೋರಮಾವನ್ನು ಕೆಂಪಿನಲ್ಲಿ, ಬಲದ್ದನ್ನು ನೀಲಿಯಲ್ಲಿ ಒಂದರ ಮೇಲೊಂದು ಕೂಡಿಸಿ, ಕೆಂಪು ಗಾಜು ಎಡಗಣ್ಣಿಗೆ ಬರುವ ಕೆಂಪು-ನೀಲಿ ಕನ್ನಡಕ ಹಾಕಿ ನೋಡಿ. ಒಂದೇ ಕಿಟಕಿ ಒಂದು ಕಣ್ಣಿಗೆ ಮೇಲೆ, ಇನ್ನೊಂದಕ್ಕೆ ಕೆಳಗೆ ಇದ್ದರೆ ತಲೆನೋವು ಗ್ಯಾರಂಟಿ. ದೇವಸ್ಥಾನದ ಕಾವಿ ಪಟ್ಟೆ ಈ ಕನ್ನಡಕದಲ್ಲಿ ಮಿಣಮಿಣ ಅನ್ನುತ್ತದೆ. ಅಂಥ ಚಿತ್ರವನ್ನು ಕಪ್ಪು-ಬಿಳುಪು ಮಾಡಿಬಿಡಿ.

8. ದೇವರಾಯನದುರ್ಗದ ಬೆಟ್ಟದ ಮೇಲಿಂದ ಬಯಲು ತೆಗೆಯಲು 65 ಮಿ.ಮೀ. ಏನೇನೂ ಸಾಲದು. ಅತಿ ಹತ್ತಿರದ ಬಂಡೆ 60 ಮೀಟರ್ ದೂರದಲ್ಲಿದ್ದರೆ ಕ್ಯಾಮೆರಾಗಳ ನಡುವೆ ಎರಡು ಮೀಟರ್ ಬಿಡಿ. ಇಲ್ಲಿ ಪಟ್ಟಿ ಬೇಡ, ಒಂದೊಂದು ಕ್ಯಾಮೆರಾ ನಿಂತಲ್ಲೇ ತಿರುಗಲಿ. ಅಗಲ 90 ಡಿಗ್ರಿ ದಾಟಿದರೆ ಅಂಚುಗಳಲ್ಲಿ ಆಳ ಕರಗುತ್ತದೆ. ಕ್ಯಾಮೆರಾ ಒಂದೇ ಇದ್ದರೆ ಗಾಳಿಯಿಲ್ಲದ ದಿನ ಹತ್ತಿ. ಎರಡು ಸಾಲಿನ ನಡುವೆ ಮೋಡ ಜರುಗಿತೋ, ಬೆಟ್ಟದ ಹಿಂದಿರಬೇಕಾದ್ದು ಮುಂದೆ ಬಂದು ನಿಮ್ಮ ಮೂಗಿನ ಮೇಲೆ ಕೂರುತ್ತದೆ.