ಪಾಟನ್‌ನ ತೇರು: ಗುರುತ್ವ ಕೇಂದ್ರದ ಒಂದು ಪಾಠ

ತರಗತಿ: 9. ಪಾಠಾಂಶ: ಗುರುತ್ವ ಕೇಂದ್ರ ಮತ್ತು ಸ್ಥಿರತೆ.

ಬೋಧನಾಭ್ಯಾಸದ ಅವಧಿಯಲ್ಲಿ ಮಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದೆ. ಉದಾಹರಣೆಗೆ ಆರಿಸಿಕೊಂಡದ್ದು ನೇಪಾಳದ ಪಾಟನ್ ನಗರದ ರಾತೊ ಮಚ್ಛೇಂದ್ರನಾಥ ಜಾತ್ರೆಯ ತೇರು. ಇದು ಮಳೆ ಕೊಡುವ ದೇವರ ಜಾತ್ರೆ, ವೈಶಾಖದಲ್ಲಿ ಆರಂಭವಾಗುತ್ತದೆ. ತೇರಿನ ಎತ್ತರ ಸುಮಾರು 60 ಅಡಿ.

ಪೀಠಿಕೆ: ತೇರಿನ ಚಿತ್ರ ತೋರಿಸಿ, "ಇಷ್ಟು ಎತ್ತರದ ತೇರು ಉರುಳದಂತೆ ಹೇಗೆ ಎಳೆಯುತ್ತಾರೆ?" ಎಂದು ಕೇಳಿದೆ.

ಚಟುವಟಿಕೆ: ಪ್ರತಿ ಗುಂಪಿಗೂ ಒಂದೇ ಅಳತೆಯ ಎರಡು ಉದ್ದನೆಯ ಅಗರಬತ್ತಿ ಡಬ್ಬಿ ಕೊಟ್ಟೆ. ಒಂದರ ತಳದಲ್ಲಿ ಮರಳಿನ ಪೊಟ್ಟಣ, ಇನ್ನೊಂದರ ತುದಿಯಲ್ಲಿ ಅಷ್ಟೇ ತೂಕದ ಪೊಟ್ಟಣ. ಡಬ್ಬಿಯನ್ನು ಸ್ಕೇಲಿನ ಅಂಚಿನ ಮೇಲೆ ಅಡ್ಡಲಾಗಿ ತೂಗಿಸಿ, ಸಮತೋಲನದ ಜಾಗ ಗುರುತಿಸಿ, ಅಲ್ಲಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟರು. ನಿಧಾನವಾಗಿ ವಾಲಿಸಿದಾಗ ತುದಿ ಭಾರವಿದ್ದ ಡಬ್ಬಿಯೇ ಮೊದಲು ಉರುಳಿತು. ದಾರ ತಳದ ಅಂಚು ದಾಟಿದೊಡನೆ ಡಬ್ಬಿ ಬೀಳುತ್ತದೆ ಎಂದು ಮಕ್ಕಳೇ ಹೇಳಿದರು.

ವಿವರಣೆ: ತೇರಿನ ಕೆಳಭಾಗ ಭಾರದ ಮರ, ನಾಲ್ಕು ದೊಡ್ಡ ಗಾಲಿ, ಮೇಲಿನ ಶಿಖರ ಹಗುರವಾದ ಬಿದಿರು, ಬೆತ್ತ. ಹಾಗಿದ್ದರೂ ಎತ್ತರಕ್ಕೆ ತಳ ಸಾಲದು. ಆದ್ದರಿಂದ ಶಿಖರಕ್ಕೆ ಕಟ್ಟಿದ ಹಗ್ಗಗಳನ್ನು ಜನ ಬದಿಗಳಿಂದ ಎಳೆದು ಹಿಡಿಯುತ್ತಾರೆ.

ಆಗ ಒಬ್ಬ ಹುಡುಗಿ, "ಟೀಚರ್, ಅದು ಹಿಂದೂಗಳ ದೇವರಾ, ಬೌದ್ಧರದ್ದಾ?" ಎಂದು ಕೇಳಿದಳು. ಇದು ಪಾಠಯೋಜನೆಯಲ್ಲಿ ಇರಲಿಲ್ಲ. ವಿಜ್ಞಾನದ ಪ್ರಶ್ನೆಯಲ್ಲವೆಂದು ಬಿಡಲು ಮನಸ್ಸಾಗಲಿಲ್ಲ. ಬೇರೆ ಬೇರೆ ಮನೆಗಳ ಮಕ್ಕಳು ಉತ್ತರಕ್ಕೆ ಕಾಯುತ್ತಿದ್ದರು. ಹಿಂದೂಗಳಿಗೆ ಆತ ಗೋರಖನಾಥನ ಗುರು ಮತ್ಸ್ಯೇಂದ್ರನಾಥ, ಬೌದ್ಧರಿಗೆ ಕರುಣಾಮಯ ಅವಲೋಕಿತೇಶ್ವರ. ಪೂಜೆ ಮಾಡುವವರು ನೇವಾರ ಬೌದ್ಧ ಅರ್ಚಕರು, ತೇರು ಎಳೆಯುವವರು ಇಬ್ಬರೂ ಎಂದೆ. ನಮ್ಮ ಕದ್ರಿ ಮಂಜುನಾಥ ದೇವಸ್ಥಾನದಲ್ಲೂ ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಮತ್ಸ್ಯೇಂದ್ರನಾಥನ ಮೂರ್ತಿಯೂ ಇದೆ ಎಂದು ನೆನಪಿಸಿದೆ. ಲೋಕೇಶ್ವರ ಎಂಬುದು ಅವಲೋಕಿತೇಶ್ವರನದೇ ಹೆಸರು.

ಬಳಿಕ ಕೇಳಿದೆ: "ಇವತ್ತಿನ ಎರಡು ಪ್ರಶ್ನೆಗಳಲ್ಲಿ ದಾರ ಇಳಿಬಿಟ್ಟು ಪರೀಕ್ಷಿಸಬಹುದಾದದ್ದು ಯಾವುದು?" ತೇರು ಯಾವಾಗ ಉರುಳುತ್ತದೆ ಎಂಬುದು ಮಾತ್ರ ಎಂದರು. ಇನ್ನೊಂದನ್ನು ತಿಳಿಯಲು ಏನು ಮಾಡಬೇಕು? "ಎಳೆಯುವವರನ್ನೇ ಕೇಳಬೇಕು" ಎಂದಳು ಅದೇ ಹುಡುಗಿ. ಎರಡೂ ತಿಳಿಯುವ ದಾರಿಗಳೇ, ಬೇರೆ ಬೇರೆ ಎಂಬುದು ಮಕ್ಕಳಿಗೆ ಸ್ಪಷ್ಟವಾಯಿತು.

ಮೌಲ್ಯಮಾಪನ: ನಿಮ್ಮೂರಿನ ತೇರಿನ ಚಿತ್ರ ಬರೆದು, ಭಾರದ ಹಾಗೂ ಹಗುರದ ಭಾಗ ಗುರುತಿಸಿ. ಅದನ್ನು ಎಳೆಯಲು ಯಾರೆಲ್ಲ ಸೇರುತ್ತಾರೆಂದು ಹಿರಿಯರನ್ನು ಕೇಳಿ ಬರೆಯಿರಿ.